ಕಾವಲಿಲ್ಲದೆ ಹುಟ್ಟಿದ ಮಕ್ಕಳು



ಬೆಳಗಾವಿಯ ಟಿಳಕವಾಡಿಯಲ್ಲಿ ಹಳೆಯ ಮರಗಳಿಂದ ತುಂಬಿದ ವಿಶಾಲವಾದ ಆವರಣವೊಂದಿದೆ. ಊರಿನವರು ಅದನ್ನು ಇಂದಿಗೂ ‘ವ್ಯಾಕ್ಸಿನ್ ಡಿಪೋ’ ಎಂದೇ ಕರೆಯುತ್ತಾರೆ. ಬೆಳಗಾವಿಯು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ, 20ನೆಯ ಶತಮಾನದ ಆರಂಭದಲ್ಲಿ, ಸಿಡುಬಿನ ಲಸಿಕೆಯ ತಯಾರಿಕೆಗಾಗಿ ಸ್ಥಾಪಿತವಾದ ಸಂಸ್ಥೆಯಿಂದ ಆ ಸ್ಥಳಕ್ಕೆ ಈ ಹೆಸರು ಬಂದಿದೆ. ಆ ದಿನಗಳಲ್ಲಿ ಕರುಗಳ ಚರ್ಮದ ಮೇಲೆ ಲಸಿಕೆಯ ಸೋಂಕನ್ನು ಬೆಳೆಸಿ, ಅಲ್ಲಿ ಎದ್ದ ಗುಳ್ಳೆಗಳಿಂದ ತೆಗೆದ ದ್ರವವನ್ನೇ ಲಸಿಕೆಯಾಗಿ ಬಳಸುತ್ತಿದ್ದರು. ಬಿಸಿಲಿನ ತಾಪಕ್ಕೆ ಬೇಗನೆ ಕೆಡುವ ಆ ದ್ರವಕ್ಕೆ ಬೆಳಗಾವಿಯ ತಂಪು ಹವೆ ಅನುಕೂಲವಾಗಿತ್ತು.

ನಮ್ಮ ದೇಶದಲ್ಲಿ ಸಿಡುಬಿನ ಲಸಿಕೆಯನ್ನು ಮೊದಲು ಪಡೆದವಳು ಮುಂಬಯಿಯ ಮೂರು ವರ್ಷದ ಬಾಲಕಿ ಅನ್ನಾ ಡಸ್ಟ್‌ಹಾಲ್. ಅಂದು 1802ರ ಜೂನ್ 14. ಅಲ್ಲಿಂದ ನೂರ ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಹೋರಾಟದ ನಂತರ 1975ರಲ್ಲಿ ಭಾರತದ ಕೊನೆಯ ಸಿಡುಬಿನ ರೋಗಿ ಗುಣಮುಖರಾದರು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು ಸಾರಿತು. ನಮ್ಮ ಹಿರಿಯರ ತೋಳುಗಳ ಮೇಲಿನ ಗುಂಡನೆಯ ಕಲೆಗಳು ಆ ವಿಜಯದ ಗುರುತುಗಳು.

ಆದರೆ ಒಂದು ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ತೋಳಿನ ಮೇಲೆ ಗೀರಿದ ಒಂದು ಹನಿ ದ್ರವ ಮನುಷ್ಯನನ್ನು ವರ್ಷಗಟ್ಟಲೆ ಕಾಯುವುದಾದರೂ ಹೇಗೆ? ಲಸಿಕೆ ತಾನೇ ಕಾವಲುಗಾರನಲ್ಲ. ಶತ್ರುವಿನ ಚಹರೆ ಹೀಗಿದೆ ಎಂದು ಅದು ದೇಹಕ್ಕೆ ತೋರಿಸಿಕೊಡುತ್ತದೆ, ಅಷ್ಟೇ. ಕಾವಲುಗಾರರನ್ನು ಸಿದ್ಧಪಡಿಸಬೇಕಾದದ್ದು ದೇಹವೇ. ಹಾಗಾದರೆ ಆ ಸಿದ್ಧತೆಯ ಸಾಮರ್ಥ್ಯವೇ ಇಲ್ಲದೆ ಹುಟ್ಟಿದ ಮಗುವಿನ ಗತಿಯೇನು? ಅಂಥ ಮಕ್ಕಳಿದ್ದಾರೆ. ಅವರ ಕಥೆಯನ್ನು ವೈದ್ಯಲೋಕವು ಅರಿತುಕೊಂಡ ಬಗೆಯನ್ನು ಈ ಲೇಖನದಲ್ಲಿ ನಿಮ್ಮ ಮುಂದಿಡಲಾಗಿದೆ. ಅದು ನಮ್ಮ ಮನೆಗಳ ಹೆಣ್ಣುಮಕ್ಕಳು ಹೊತ್ತುಬಂದಿರುವ ಒಂದು ಅಪವಾದವನ್ನು ಇಳಿಸಬಲ್ಲ ಕಥೆಯೂ ಹೌದು.

ಎಂಟು ವರ್ಷದ ಬಾಲಕ

1890ರಲ್ಲಿ ಬರ್ಲಿನ್ ನಗರದಲ್ಲಿ ಎಮಿಲ್ ಫಾನ್ ಬೆಹ್ರಿಂಗ್ ಮತ್ತು ಜಪಾನಿನ ಶಿಬಾಸಾಬುರೊ ಕಿಟಾಸಾಟೊ ಎಂಬ ವಿಜ್ಞಾನಿಗಳು ಒಂದು ಸಂಗತಿಯನ್ನು ತೋರಿಸಿಕೊಟ್ಟರು. ಧನುರ್ವಾಯುವಿನ ವಿಷವನ್ನು ಅಲ್ಪಸ್ವಲ್ಪವಾಗಿ ಪಡೆದು ಬದುಕುಳಿದ ಪ್ರಾಣಿಯ ರಕ್ತದ ತಿಳಿಯಲ್ಲಿ ಆ ವಿಷವನ್ನು ಮುರಿಯುವ ಏನೋ ಒಂದು ವಸ್ತು ಇರುತ್ತದೆ. ಆ ತಿಳಿಯನ್ನು ಇನ್ನೊಂದು ಪ್ರಾಣಿಗೆ ಕೊಟ್ಟರೆ ಅದಕ್ಕೂ ರಕ್ಷಣೆ ದೊರೆಯುತ್ತದೆ. ಈ ವಸ್ತುವನ್ನೇ ಇಂದು ನಾವು ಪ್ರತಿಕಾಯ ಎನ್ನುತ್ತೇವೆ. 1930ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ಆರ್ನೆ ಟಿಸೇಲಿಯಸ್ ವಿದ್ಯುತ್ತಿನ ಸಹಾಯದಿಂದ ರಕ್ತದ ತಿಳಿಯಲ್ಲಿರುವ ಪ್ರೋಟೀನುಗಳನ್ನು ಬೇರ್ಪಡಿಸುವ ಉಪಕರಣವನ್ನು ರೂಪಿಸಿದರು. ಪ್ರತಿಕಾಯಗಳಿರುವುದು ‘ಗಾಮಾ ಗ್ಲಾಬ್ಯುಲಿನ್’ ಎಂಬ ಭಾಗದಲ್ಲಿ ಎಂಬುದು ಆಗ ಸ್ಪಷ್ಟವಾಯಿತು.

ಅಮೆರಿಕದ ವಾಷಿಂಗ್ಟನ್ ನಗರದ ವಾಲ್ಟರ್ ರೀಡ್ ಸೈನಿಕ ಆಸ್ಪತ್ರೆಯಲ್ಲಿ ಆಗ್ಡನ್ ಬ್ರೂಟನ್ ಎಂಬ ಮಕ್ಕಳ ವೈದ್ಯರಿದ್ದರು. ಅವರ ಬಳಿಗೆ ಒಬ್ಬ ಬಾಲಕ ಮತ್ತೆ ಮತ್ತೆ ಬರುತ್ತಿದ್ದ. ನಾಲ್ಕು ವರ್ಷಗಳಲ್ಲಿ ಅವನಿಗೆ 19 ಸಲ ರಕ್ತಕ್ಕೆ ನಂಜೇರಿತ್ತು. ಪೆನಿಸಿಲಿನ್ ಕೊಟ್ಟಾಗಲೆಲ್ಲ ಹುಡುಗ ಚೇತರಿಸಿಕೊಳ್ಳುತ್ತಿದ್ದ. ಕೆಲವೇ ವಾರಗಳಲ್ಲಿ ಮತ್ತೆ ಜ್ವರದಿಂದ ಬಳಲುತ್ತಿದ್ದ. ಕಾಯಿಲೆ ತರುತ್ತಿದ್ದ ರೋಗಾಣುವಿನ ವಿರುದ್ಧ ಲಸಿಕೆ ಕೊಟ್ಟು ನೋಡಿದರೂ ಅವನ ದೇಹ ಪ್ರತಿಕಾಯವನ್ನು ತಯಾರಿಸಲಿಲ್ಲ. ಕೊನೆಗೆ ಟಿಸೇಲಿಯಸರ ವಿಧಾನದಿಂದ ಅವನ ರಕ್ತವನ್ನು ಪರೀಕ್ಷಿಸಿದಾಗ, ಗಾಮಾ ಗ್ಲಾಬ್ಯುಲಿನ್ ಕಾಣಬೇಕಾದ ಜಾಗ ಬರಿದಾಗಿತ್ತು.

ಬ್ರೂಟನ್ ಮಾಡಿದ ಚಿಕಿತ್ಸೆ ಸರಳವಾಗಿತ್ತು. ಹುಡುಗನ ದೇಹ ತಯಾರಿಸದಿರುವುದನ್ನು ಇತರರ ರಕ್ತದಿಂದ ಬೇರ್ಪಡಿಸಿ ತಿಂಗಳಿಗೊಮ್ಮೆ ಚರ್ಮದಡಿಗೆ ಚುಚ್ಚುಮದ್ದಾಗಿ ಕೊಡತೊಡಗಿದರು. ಒಂದು ವರ್ಷಕ್ಕೂ ಹೆಚ್ಚು ಕಾಲ ಅವನಿಗೆ ನಂಜೇರಲಿಲ್ಲ. ಈ ಎಂಟು ವರ್ಷದ ಬಾಲಕನ ವೃತ್ತಾಂತವನ್ನು ಬ್ರೂಟನ್ 1952ರಲ್ಲಿ ಪ್ರಕಟಿಸಿದರು. ಮರುವರ್ಷವೇ ಬಾಸ್ಟನ್ ನಗರದ ಚಾರ್ಲ್ಸ್ ಜೇನ್‌ವೇ ಮತ್ತು ಸಂಗಡಿಗರು ಇಂಥವೇ ಇನ್ನಷ್ಟು ಮಕ್ಕಳ ವಿಷಯವನ್ನು ವರದಿ ಮಾಡಿದರು. ಹಾಗೆ ಬೆಳಕಿಗೆ ಬಂದವರಲ್ಲಿ ಬಹುಪಾಲು ಗಂಡುಮಕ್ಕಳೇ ಎಂಬುದು ಬೇಗನೆ ಗಮನಕ್ಕೆ ಬಂತು.

ಇಂಥ ಮಕ್ಕಳು ಅದಕ್ಕೂ ಮೊದಲು ಹುಟ್ಟಿರಲಿಲ್ಲವೇ? ಖಂಡಿತವಾಗಿ ಹುಟ್ಟಿದ್ದರು. ಆದರೆ ಪ್ರತಿಜೈವಿಕ ಔಷಧಗಳಿಲ್ಲದ ಕಾಲದಲ್ಲಿ ಮೊದಲ ನ್ಯುಮೋನಿಯಾಕ್ಕೋ ಎರಡನೆಯದಕ್ಕೋ ಅವರು ಬಲಿಯಾಗುತ್ತಿದ್ದರು. ಸಾವಿರಾರು ಶಿಶುಗಳು ಸಾಯುತ್ತಿದ್ದ ಕಾಲದಲ್ಲಿ ಈ ಕೆಲವರ ಸಾವು ಬೇರೆಯೆಂದು ಯಾರಿಗೂ ತೋರುತ್ತಿರಲಿಲ್ಲ. ಪೆನಿಸಿಲಿನ್ ಅವರನ್ನು ಬದುಕಿಸಿದ್ದರಿಂದಲೇ ಅವರ ಕಾಯಿಲೆ ಕಣ್ಣಿಗೆ ಬಿತ್ತು.

ಕೋಳಿಯಿಂದ ಕಲಿತ ಪಾಠ

ಪ್ರತಿಕಾಯಗಳನ್ನು ತಯಾರಿಸುವುದು ಪ್ಲಾಸ್ಮಾ ಕಣಗಳೆಂದು ಸ್ವೀಡನ್ನಿನ ಆಸ್ಟ್ರಿಡ್ ಫಾಗ್ರಿಯಸ್ ಎಂಬ ಮಹಿಳಾ ವಿಜ್ಞಾನಿ 1948ರಲ್ಲಿ ತೋರಿಸಿದ್ದರು. ಆದರೆ ಆ ಕಣಗಳು ಹುಟ್ಟಿಬರುವುದು ಎಲ್ಲಿಂದ? ಉತ್ತರದ ಮೊದಲ ಎಳೆ ಸಿಕ್ಕಿದ್ದು ಕೋಳಿಮನೆಯಲ್ಲಿ.

ಹಕ್ಕಿಗಳ ಬಾಲದ ಬುಡದಲ್ಲಿ ಒಂದು ಪುಟ್ಟ ಚೀಲವಿದೆ. ಇಟಲಿಯ ಪಾದುವಾ ನಗರದ ಫ್ಯಾಬ್ರಿಶಿಯಸ್ ಎಂಬ ಶರೀರಶಾಸ್ತ್ರಜ್ಞರು ಅದನ್ನು ವರ್ಣಿಸಿದ್ದರಿಂದ ಅದಕ್ಕೆ ‘ಫ್ಯಾಬ್ರಿಶಿಯಸರ ಬರ್ಸಾ’ ಎಂಬ ಹೆಸರಾಯಿತು. ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಅದರ ಉಪಯೋಗ ಯಾರಿಗೂ ತಿಳಿದಿರಲಿಲ್ಲ. 1950ರ ದಶಕದಲ್ಲಿ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಗ್ಲಿಕ್ ಎಂಬ ವಿದ್ಯಾರ್ಥಿ ಮರಿಗಳಿಂದ ಆ ಚೀಲವನ್ನು ತೆಗೆದುಹಾಕಿ ಪರಿಣಾಮವನ್ನು ಗಮನಿಸುತ್ತಿದ್ದರು. ಏನೂ ವ್ಯತ್ಯಾಸ ಕಾಣಲಿಲ್ಲ. ಆಗ ಅವರ ಸಹಪಾಠಿ ತಿಮೊತಿ ಚಾಂಗ್, ಪ್ರತಿಕಾಯಗಳ ಬಗೆಗಿನ ಒಂದು ಪಾಠಕ್ಕಾಗಿ ಅದೇ ಕೋಳಿಗಳನ್ನು ಎರವಲು ಪಡೆದರು. ರೋಗಾಣುವಿನ ಅಂಶವನ್ನು ಚುಚ್ಚಿದರೂ ಚೀಲ ಕಳೆದುಕೊಂಡ ಕೋಳಿಗಳಲ್ಲಿ ಪ್ರತಿಕಾಯ ಮೂಡಲೇ ಇಲ್ಲ. ಪಾಠ ಕೆಟ್ಟಿತು, ಆದರೆ ಒಂದು ಮಹತ್ವದ ಸತ್ಯ ದೊರೆಯಿತು. ಹೆಸರಾಂತ ವಿಜ್ಞಾನ ಪತ್ರಿಕೆಯೊಂದು ಅವರ ಬರಹವನ್ನು ಸ್ವೀಕರಿಸಲಿಲ್ಲ. 1956ರಲ್ಲಿ ಅದು ಪ್ರಕಟವಾದದ್ದು ಕೋಳಿ ಸಾಕಣೆಯ ಪತ್ರಿಕೆಯೊಂದರಲ್ಲಿ.

ಮುಂದೆ 1965ರಲ್ಲಿ ಮಿನೆಸೊಟಾ ವಿಶ್ವವಿದ್ಯಾಲಯದ ಮ್ಯಾಕ್ಸ್ ಕೂಪರ್, ರೇಮಂಡ್ ಪೀಟರ್ಸನ್ ಮತ್ತು ರಾಬರ್ಟ್ ಗುಡ್ ಎಂಬ ವೈದ್ಯರು ಒಂದು ಮುಖ್ಯ ವಿಚಾರವನ್ನು ಮಂಡಿಸಿದರು. ದೇಹದ ಕಾವಲು ಪಡೆಯಲ್ಲಿ ಎರಡು ದಳಗಳಿವೆ. ಎದೆಗೂಡಿನ ಥೈಮಸ್ ಗ್ರಂಥಿಯಲ್ಲಿ ಪಳಗುವುದು ಒಂದು. ಬರ್ಸಾದಲ್ಲಿ ಪಳಗಿ ಪ್ರತಿಕಾಯಗಳನ್ನು ತಯಾರಿಸುವುದು ಇನ್ನೊಂದು. ಮೊದಲನೆಯವು ಟಿ ಕಣಗಳು, ಎರಡನೆಯವು ಬಿ ಕಣಗಳು ಎನಿಸಿದವು. ಬರ್ಸಾ ಇಲ್ಲದ ಮನುಷ್ಯನಲ್ಲಿ ಬಿ ಕಣಗಳು ರೂಪುಗೊಳ್ಳುವುದು ಮೂಳೆಯೊಳಗಿನ ಮಜ್ಜೆಯಲ್ಲಿ ಎಂಬುದು 1970ರ ದಶಕದಲ್ಲಿ ಖಚಿತವಾಯಿತು. ಬ್ರೂಟನ್ ಕಂಡ ಬಾಲಕನಂಥವರಲ್ಲಿ ಟಿ ಕಣಗಳ ದಳ ಸರಿಯಾಗಿಯೇ ಇರುತ್ತದೆ. ಬಿ ಕಣಗಳ ದಳವೇ ಇರುವುದಿಲ್ಲ. ಈ ಮಕ್ಕಳಲ್ಲಿ ಅನೇಕರು ದಡಾರದಂಥ ಕೆಲವು ವೈರಾಣು ರೋಗಗಳನ್ನು ಸಹಿಸಿಕೊಂಡು, ಕೀವು ತರುವ ಬ್ಯಾಕ್ಟೀರಿಯಾಗಳ ಎದುರು ಸೋಲುವುದು ಇದರಿಂದಲೇ.

ಸುಡುವ ಮೊದಲೇ ನಿಂತ ಮಡಕೆ

ಬೆಳಗಾವಿಯಿಂದ ದಕ್ಷಿಣಕ್ಕೆ, ಮಲಪ್ರಭೆಯ ದಂಡೆಯಲ್ಲಿರುವ ಖಾನಾಪುರದ ಮಣ್ಣು ಮಡಕೆ, ಹೆಂಚುಗಳಿಗೆ ಹೆಸರಾದದ್ದು. ಮಣ್ಣನ್ನು ಆರಿಸಿ, ಜರಡಿ ಹಿಡಿದು, ತುಳಿದು ಹದಮಾಡುವುದು, ತಿಗರಿಯ ಮೇಲೆ ಆಕಾರ ಕೊಡುವುದು, ನೆರಳಲ್ಲಿ ಒಣಗಿಸುವುದು, ಕೊನೆಗೆ ಆವಿಗೆಯಲ್ಲಿ ಸುಡುವುದು. ಇವುಗಳಲ್ಲಿ ಒಂದು ಹಂತ ತಪ್ಪಿದರೂ ಮಡಕೆ ನೀರು ಹಿಡಿಯದು.

ಬಿ ಕಣವೂ ಹೀಗೆ ಹಂತಹಂತವಾಗಿ ಸಿದ್ಧವಾಗುತ್ತದೆ. ಮಜ್ಜೆಯ ಮೂಲಕಣವೊಂದು ಮೊದಲು ಬಿ ಕಣವಾಗುವ ದಾರಿ ಹಿಡಿಯುತ್ತದೆ. ಪ್ರತಿಕಾಯದಲ್ಲಿ ಒಂದು ಭಾರದ ಸರಪಳಿ, ಒಂದು ಹಗುರ ಸರಪಳಿ ಎಂಬ ಎರಡು ಬಗೆಯ ಭಾಗಗಳಿವೆ. ಕಣವು ತನ್ನ ವಂಶವಾಹಿಗಳ ತುಣುಕುಗಳನ್ನು ಕತ್ತರಿಸಿ ಜೋಡಿಸಿ ಮೊದಲು ಭಾರದ ಸರಪಳಿಯನ್ನು ತಯಾರಿಸುತ್ತದೆ. ಅದನ್ನು ತಾತ್ಕಾಲಿಕವಾದ ಒಂದು ಹಗುರ ಸರಪಳಿಯೊಡನೆ ಸೇರಿಸಿ ತನ್ನ ಹೊರಪೊರೆಯ ಮೇಲೆ ನಿಲ್ಲಿಸುತ್ತದೆ. ‘ಸರಪಳಿ ಸರಿಯಾಗಿ ಮೂಡಿದೆ, ಮುಂದುವರಿ’ ಎಂಬ ಸಂದೇಶ ಅಲ್ಲಿಂದ ಕಣದ ಒಳಕ್ಕೆ ಹೋಗಬೇಕು. ಸಂದೇಶ ಮುಟ್ಟಿದರೆ ಕಣ ವಿಭಜನೆಗೊಂಡು, ನಿಜವಾದ ಹಗುರ ಸರಪಳಿಯನ್ನು ಮಾಡಿಕೊಂಡು ಪಕ್ವವಾಗುತ್ತದೆ. ಮುಟ್ಟದಿದ್ದರೆ ಅಲ್ಲೇ ನಿಂತು ಸಾಯುತ್ತದೆ.

ಈ ಸಂದೇಶವನ್ನು ಒಳಕ್ಕೆ ಒಯ್ಯುವ ದೂತರಲ್ಲಿ ಒಂದು ಪ್ರೋಟೀನು ಅತಿ ಮುಖ್ಯವಾದದ್ದು. 1993ರಲ್ಲಿ ಯುರೋಪಿನ ಒಂದು ತಂಡವೂ ಅಮೆರಿಕದ ಇನ್ನೊಂದು ತಂಡವೂ ಬೇರೆ ಬೇರೆ ದಾರಿಗಳಿಂದ ಹೊರಟು ಅದರ ವಂಶವಾಹಿಯನ್ನು ಕಂಡುಹಿಡಿದವು. 659 ಅಮೈನೋ ಆಮ್ಲಗಳಿಂದಾದ ಈ ಪ್ರೋಟೀನಿಗೆ ಹಳೆಯ ವೈದ್ಯರ ಗೌರವಾರ್ಥ ‘ಬ್ರೂಟನ್ ಟೈರೊಸಿನ್ ಕೈನೇಸ್’, ಸಂಕ್ಷಿಪ್ತವಾಗಿ ಬಿಟಿಕೆ, ಎಂಬ ಹೆಸರನ್ನು ಇಡಲಾಯಿತು. 2003ರಲ್ಲಿ ತೀರಿಕೊಂಡ ಬ್ರೂಟನ್, ತಾವು ಕಂಡ ಬಾಲಕನ ಕಾಯಿಲೆಯ ಮೂಲ ಪತ್ತೆಯಾದುದನ್ನು ತಮ್ಮ ಜೀವಿತಕಾಲದಲ್ಲಿಯೇ ಕಂಡರು. ಬಿಟಿಕೆ ವಂಶವಾಹಿಯ ಬರಹದಲ್ಲಿ ಒಂದೇ ಅಕ್ಷರ ಬದಲಾದರೂ ದೂತ ಕೆಲಸ ಮಾಡದಿರಬಹುದು. ಆಗ ಸುಡುವ ಮೊದಲೇ ನಿಂತುಹೋದ ಮಡಕೆಗಳಂತೆ ಮಜ್ಜೆಯಲ್ಲಿ ಅರೆಬೆಳೆದ ಕಣಗಳಿರುತ್ತವೆ. ರಕ್ತದಲ್ಲಿ ಬಿ ಕಣಗಳು ಇಲ್ಲವೆನ್ನುವಷ್ಟು ಕಡಿಮೆಯಾಗುತ್ತವೆ.

ತಾಯಿಯ ಮೇಲಿನ ಅಪವಾದ

ವಾಚಕರೇ, ಬಿಟಿಕೆ ವಂಶವಾಹಿ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಹೆಣ್ಣಿಗೆ ಎರಡು ಎಕ್ಸ್‌ಗಳು, ಗಂಡಿಗೆ ಒಂದೇ. ದೋಷವಿರುವ ಎಕ್ಸ್ ಒಂದನ್ನು ಪಡೆದ ಹೆಣ್ಣುಮಗಳಿಗೆ ಇನ್ನೊಂದು ಎಕ್ಸ್ ಆಸರೆಯಾಗುತ್ತದೆ. ಅವಳ ಪಕ್ವವಾದ ಬಿ ಕಣಗಳೆಲ್ಲವೂ ಸರಿಯಾದ ಎಕ್ಸ್ ಕೆಲಸ ಮಾಡುವ ಕಣಗಳಿಂದಲೇ ಬಂದಿರುತ್ತವೆ. ಆದ್ದರಿಂದ ಅವಳು ಪೂರ್ಣ ಆರೋಗ್ಯವಂತೆ; ತನ್ನೊಳಗಿನ ದೋಷದ ಸುಳಿವು ಅವಳಿಗೆ ಇರುವುದಿಲ್ಲ. ಆದರೆ ಅವಳಿಗೆ ಹುಟ್ಟುವ ಪ್ರತಿಯೊಬ್ಬ ಮಗನಿಗೂ ಕಾಯಿಲೆ ಬರುವ ಸಂಭವ ಅರ್ಧಕ್ಕರ್ಧ. ಪ್ರತಿಯೊಬ್ಬ ಮಗಳೂ ತಾಯಿಯಂತೆಯೇ ವಾಹಕಿಯಾಗುವ ಸಂಭವವೂ ಅಷ್ಟೇ.

ಮಗು ಹುಟ್ಟಿದಾಗ ದುಂಡುದುಂಡಗಿರುತ್ತದೆ. ಗರ್ಭದಲ್ಲಿರುವಾಗ ತಾಯಿಯ ಪ್ರತಿಕಾಯಗಳು ಹೊಕ್ಕುಳಬಳ್ಳಿಯ ಮೂಲಕ ಹರಿದು ಬಂದು ಮೊದಲ ಕೆಲವು ತಿಂಗಳು ಅದನ್ನು ಕಾಯುತ್ತವೆ. ಸುಮಾರು ಆರು ತಿಂಗಳಿಗೆ ಆ ಬುತ್ತಿ ಮುಗಿಯುತ್ತದೆ. ಅಲ್ಲಿಂದ ಕಿವಿ ಸೋರುವುದು, ನ್ಯುಮೋನಿಯಾ, ಚರ್ಮದ ಹುಣ್ಣು, ನಿಲ್ಲದ ಭೇದಿ, ಕೀಲುಗಳ ಬಾವು ಒಂದರ ಹಿಂದೊಂದು ಬರುತ್ತವೆ. ಬಾಯಿ ತೆರೆಸಿ ನೋಡಿದರೆ ಗಂಟಲಿನ ಟಾನ್ಸಿಲ್‌ಗಳು ಕಾಣುವುದೇ ಇಲ್ಲ. ಅವು ಬಹುಮಟ್ಟಿಗೆ ಬಿ ಕಣಗಳಿಂದಲೇ ತುಂಬಿರಬೇಕಾದವು.

ಇನ್ನು ನಮ್ಮ ಊರುಗಳ ಮಾತು. ‘ಆ ಮನೆಯಲ್ಲಿ ಗಂಡು ಕೂಸು ಉಳಿಯುವುದಿಲ್ಲ’ ಎಂಬ ಮಾತನ್ನು ನೀವು ಕೇಳಿರಬಹುದು. ಅಜ್ಜಿಯ ತಮ್ಮ ಹಸುಗೂಸಾಗಿದ್ದಾಗ ಹೋದ, ತಾಯಿಯ ಅಣ್ಣ ಎರಡು ವರ್ಷಕ್ಕೆ ಹೋದ, ಈಗ ಇವಳ ಮಗ. ಇಂಥ ಸಾಲನ್ನು ಕಂಡ ಸಮಾಜವು ಹೆಣ್ಣಿನ ಕಾಲ್ಗುಣವನ್ನು ದೂರಿತು. ದೃಷ್ಟಿ, ಶಾಪ, ಹಾಲಿನ ದೋಷ ಎಂದು ಹೆಸರುಗಳನ್ನಿಟ್ಟಿತು. ಹರಕೆ ಹೊತ್ತವರು, ಎರಡನೆಯ ಮದುವೆಗೆ ಮುಂದಾದವರು ಎಷ್ಟು ಮಂದಿಯೋ! ವಿಜ್ಞಾನ ಹೇಳುವುದು ಬೇರೆ. ಆ ಸಾಲಿನಲ್ಲಿ ಒಂದು ಕ್ರಮವಿದೆ, ಅಪರಾಧವಿಲ್ಲ. ಯಾವ ಎಕ್ಸ್ ಮಗುವಿಗೆ ಹೋಗಬೇಕೆಂಬುದನ್ನು ತಾಯಿ ಆರಿಸುವುದಿಲ್ಲ. ಮನೆತನದಲ್ಲಿ ಹಿಂದೆಂದೂ ಇಲ್ಲದ ದೋಷ ಹೊಸದಾಗಿ ಒಂದು ಮಗುವಿನಲ್ಲೇ ಮೂಡುವುದೂ ಅಪರೂಪವಲ್ಲ. ಮಗುವಿಗೆ ಮೊದಲ ಆರು ತಿಂಗಳು ಇದ್ದ ಪ್ರತಿಕಾಯಗಳ ರಕ್ಷಣೆ ಆ ತಾಯಿಯದೇ ಎಂಬುದನ್ನು ಅವಳನ್ನು ದೂರುವವರು ತಿಳಿಯಬೇಕು.

ಬಿ ಕಣಗಳಿಲ್ಲದ ಮಕ್ಕಳೆಲ್ಲರಿಗೂ ಬಿಟಿಕೆಯೇ ಕಾರಣವಲ್ಲ. ಸುಮಾರು ಶೇಕಡಾ 85 ಮಂದಿಯಲ್ಲಿ ಅದು ಕಾರಣ. ಉಳಿದವರಲ್ಲಿ ಭಾರದ ಸರಪಳಿಯದೋ, ತಾತ್ಕಾಲಿಕ ಹಗುರ ಸರಪಳಿಯದೋ, ಸಂದೇಶ ಸಾಗಿಸುವ ಬೇರೆ ಪ್ರೋಟೀನುಗಳದೋ ವಂಶವಾಹಿ ಕೆಟ್ಟಿರುತ್ತದೆ. ಇವುಗಳಲ್ಲಿ ಹೆಚ್ಚಿನವು ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಕಾಯಿಲೆ ತರುತ್ತವೆ, ಹೆಣ್ಣುಮಕ್ಕಳಿಗೂ ಬರುತ್ತವೆ. ಸೋದರಮಾವ, ಅತ್ತೆಯ ಮಗ, ಮಾವನ ಮಗಳು ಎಂಬ ಸೋದರಿಕೆಯ ಮದುವೆಗಳಲ್ಲಿ ಇಬ್ಬರಲ್ಲೂ ಒಂದೇ ದೋಷವಿರುವ ಸಂಭವ ಹೆಚ್ಚು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಮದುವೆ ರಕ್ತಸಂಬಂಧಿಗಳ ನಡುವಿನದು. ಇಲ್ಲಿಯೂ ಹೊಣೆ ಇಬ್ಬರದು, ಹೆಣ್ಣೊಬ್ಬಳದಲ್ಲ.

ಚೀಟಿಗಳನ್ನು ಕೂಡಿಸಿದರೆ

ಈ ಕಾಯಿಲೆ ಅಪರೂಪದ್ದು ನಿಜ. ಆದರೆ ನಮ್ಮಲ್ಲಿ ಇಲ್ಲವೆನ್ನುವಂತಿಲ್ಲ. ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ನೇತೃತ್ವದಲ್ಲಿ ದೇಶದ ಅನೇಕ ಕೇಂದ್ರಗಳ ವೈದ್ಯರು ಸೇರಿ ಬಿಟಿಕೆ ದೋಷದ ಭಾರತೀಯ ರೋಗಿಗಳ ವಿವರಗಳನ್ನು 2021ರಲ್ಲಿ ಪ್ರಕಟಿಸಿದ್ದಾರೆ. ಗುರುತಿಸಲು ಮೊದಲು ಬೇಕಾದದ್ದು ದೊಡ್ಡ ಯಂತ್ರವಲ್ಲ, ಅನುಮಾನ. ರಕ್ತದಲ್ಲಿ ಇಮ್ಯುನೊಗ್ಲಾಬ್ಯುಲಿನ್ ಪ್ರಮಾಣವನ್ನು ಅಳೆಯುವ ಪರೀಕ್ಷೆಯೇ ದಾರಿ ತೋರಿಸುತ್ತದೆ. ಬಿ ಕಣಗಳ ಎಣಿಕೆ, ವಂಶವಾಹಿಯ ಪರೀಕ್ಷೆ ಅನಂತರದ ಮಾತು.

ಆದರೆ ಆ ಅನುಮಾನ ಹುಟ್ಟುವುದು ಕಠಿಣ. ಕಣಕುಂಬಿಯ ಕಡೆಯ ಹಳ್ಳಿಯ ಮಗುವೊಂದನ್ನು ಕಲ್ಪಿಸಿಕೊಳ್ಳಿ. ಮಳೆಗಾಲದಲ್ಲಿ ಕೆಮ್ಮು ಜ್ವರ ಬಂದಾಗ ಜಾಂಬೋಟಿಯಲ್ಲಿ ತೋರಿಸುತ್ತಾರೆ; ಮತ್ತೆ ಬಂದಾಗ ಖಾನಾಪುರದಲ್ಲಿ; ಉಸಿರಾಟ ಕಷ್ಟವಾದಾಗ ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲಿ. ಪ್ರತಿಯೊಬ್ಬ ವೈದ್ಯರೂ ಕಾಣುವುದು ಒಂದು ನ್ಯುಮೋನಿಯಾವನ್ನು. ಸಾಲನ್ನು ಕಾಣುವವರು ಯಾರೂ ಇಲ್ಲ. ಆದ್ದರಿಂದ ಮಗುವಿನ ಚೀಟಿಗಳನ್ನೆಲ್ಲ ಒಂದೇ ಚೀಲದಲ್ಲಿ ಕೂಡಿಡಿ. ವೈದ್ಯರ ಮುಂದೆ ಎಲ್ಲವನ್ನೂ ಇಡಿ. ತಾಯಿಯ ತವರಿನಲ್ಲಿ ಗಂಡುಶಿಶುಗಳು ತೀರಿಕೊಂಡಿದ್ದರೆ ಮುಚ್ಚಿಡಬೇಡಿ, ಹೇಳಿ. ಮನೆಯ ಹಿರಿಯಳ ನೆನಪಿನಲ್ಲಿರುವ ಆ ಒಂದು ಮಾತು ವರ್ಷಗಳ ಅಲೆದಾಟವನ್ನು ಉಳಿಸಬಲ್ಲದು.

ಇನ್ನೊಂದು ಎಚ್ಚರಿಕೆ. ಬಾಯಿಯಿಂದ ಹಾಕುವ ಪೋಲಿಯೊ ಹನಿಯಲ್ಲಿ ದುರ್ಬಲಗೊಳಿಸಿದ ಜೀವಂತ ವೈರಾಣು ಇರುತ್ತದೆ. ಬಿ ಕಣಗಳಿಲ್ಲದ ಮಗುವಿನ ಕರುಳಿನಲ್ಲಿ ಅದು ಬಹುಕಾಲ ಉಳಿದು, ವಿರಳವಾಗಿ ಪಾರ್ಶ್ವವಾಯುವನ್ನೇ ತರಬಹುದು. ಕಾಯಿಲೆ ಖಚಿತವಾದ ಮಗುವಿಗೆ ಆ ಹನಿಯನ್ನು ಹಾಕಬಾರದು. ಅದೇ ಮನೆಯ ಇತರ ಮಕ್ಕಳಿಗೆ ಚುಚ್ಚುಮದ್ದಿನ ರೂಪದ ಪೋಲಿಯೊ ಲಸಿಕೆಯೇ ಲೇಸು. ಇದನ್ನು ಓದಿ ಆರೋಗ್ಯವಂತ ಮಗುವಿಗೆ ಹನಿ ತಪ್ಪಿಸುವುದು ದೊಡ್ಡ ಅನ್ಯಾಯವಾದೀತು. ಆ ಹನಿಗಳ ಬಲದಿಂದಲೇ ನಮ್ಮ ದೇಶವು 2014ರ ಮಾರ್ಚ್‌ನಲ್ಲಿ ಪೋಲಿಯೊ ಮುಕ್ತವೆಂಬ ಪ್ರಮಾಣಪತ್ರವನ್ನು ಪಡೆಯಿತು.

ಚಿಕಿತ್ಸೆಯ ತತ್ತ್ವ ಬ್ರೂಟನ್ ಕಂಡುಕೊಂಡದ್ದೇ ಆಗಿ ಉಳಿದಿದೆ. ಮೂರು ನಾಲ್ಕು ವಾರಗಳಿಗೊಮ್ಮೆ ರಕ್ತನಾಳದ ಮೂಲಕ, ಅಥವಾ ಇನ್ನೂ ಬೇಗ ಬೇಗನೆ ಚರ್ಮದಡಿಗೆ, ಜೀವನಪೂರ್ತಿ ಇಮ್ಯುನೊಗ್ಲಾಬ್ಯುಲಿನ್ ಕೊಡುತ್ತಿರಬೇಕು. ಹಾಗೆ ನಡೆದರೆ ಮಗು ಶಾಲೆಗೆ ಹೋಗುತ್ತದೆ, ದೊಡ್ಡದಾಗುತ್ತದೆ, ದುಡಿಯುತ್ತದೆ. ತಡವಾದರೆ ಶ್ವಾಸಕೋಶಗಳು ಶಾಶ್ವತವಾಗಿ ಕೆಡುತ್ತವೆ. ಔಷಧದ ಬೆಲೆ ಸಾಮಾನ್ಯ ಕುಟುಂಬದ ಕೈಗೆಟುಕುವಂಥದ್ದಲ್ಲ. ಕೇಂದ್ರ ಸರ್ಕಾರದ 2021ರ ವಿರಳ ರೋಗಗಳ ನೀತಿಯಲ್ಲಿ ಈ ಕಾಯಿಲೆಯೂ ಸೇರಿದೆ. ಆ ನೀತಿಯಡಿ ಗುರುತಿಸಲಾದ ಉತ್ಕೃಷ್ಟತಾ ಕೇಂದ್ರಗಳಲ್ಲಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರವೂ ಒಂದು. ಖಾನಾಪುರದ ತಾಯಿಗೆ ಬೆಂಗಳೂರು ದೂರದ ಊರು. ಆದರೂ ಹೋಗಿ ಕೇಳಬಹುದಾದ ಬಾಗಿಲೊಂದಿದೆ ಎಂಬುದನ್ನು ಅವಳಿಗೆ ತಿಳಿಸಬೇಕಾದದ್ದು ನಮ್ಮ ಕರ್ತವ್ಯ.

ಇತರರ ಕಾವಲಿನಲ್ಲಿ

ಈ ಮಕ್ಕಳಿಂದ ಜಗತ್ತು ಪಡೆದದ್ದೇನೂ ಅಲ್ಪವಲ್ಲ. ಬಿಟಿಕೆ ಇಲ್ಲದೆ ಬಿ ಕಣ ಬೆಳೆಯದು ಎಂಬುದನ್ನು ಅವರ ಕಾಯಿಲೆಯೇ ಕಲಿಸಿತು. ಹಾಗಾದರೆ ಬಿ ಕಣಗಳು ಅಂಕೆಮೀರಿ ಬೆಳೆಯುವ ಕ್ಯಾನ್ಸರುಗಳಲ್ಲಿ ಆ ಬಿಟಿಕೆಯನ್ನೇ ತಡೆದರೆ ಹೇಗೆ ಎಂದು ವಿಜ್ಞಾನಿಗಳು ಯೋಚಿಸಿದರು. ಆ ಯೋಚನೆಯಿಂದ ಬಂದ ಇಬ್ರುಟಿನಿಬ್ ಎಂಬ ಗುಳಿಗೆಗೆ 2013ರಲ್ಲಿ ಅಮೆರಿಕದಲ್ಲಿ ಮಾನ್ಯತೆ ದೊರೆಯಿತು. ಕೆಲವು ಬಗೆಯ ರಕ್ತದ ಕ್ಯಾನ್ಸರಿನಿಂದ ನರಳುವ ವೃದ್ಧರು ಇಂದು ಆ ಜಾತಿಯ ಔಷಧಗಳಿಂದ ವರ್ಷಗಳ ಆಯುಷ್ಯ ಪಡೆಯುತ್ತಿದ್ದಾರೆ. ಎಂದೂ ಕಾಣದ ಆ ಮಕ್ಕಳಿಗೆ ಅವರು ಋಣಿಗಳು.

ನಾವು ಆ ಮಕ್ಕಳಿಗೆ ಕೊಡಬಹುದಾದದ್ದೇನು? ಅವರಿಗೆ ಕೊಡುವ ಔಷಧ ಯಾವ ಕಾರ್ಖಾನೆಯಲ್ಲೂ ಬರಿಯ ರಾಸಾಯನಿಕಗಳಿಂದ ಹುಟ್ಟುವುದಿಲ್ಲ. ಒಂದೊಂದು ತಂಡದ ಔಷಧವನ್ನೂ ಸಾವಿರಕ್ಕೂ ಹೆಚ್ಚು ಆರೋಗ್ಯವಂತರ ರಕ್ತದ ಪ್ಲಾಸ್ಮಾದಿಂದ ಬೇರ್ಪಡಿಸುತ್ತಾರೆ. ಸ್ವಇಚ್ಛೆಯಿಂದ ರಕ್ತ ಕೊಟ್ಟು ಮನೆಗೆ ಮರಳಿದ ಯುವಕನ ಪ್ರತಿಕಾಯಗಳು, ಅವನು ಬಾಲ್ಯದಲ್ಲಿ ಪಡೆದ ಲಸಿಕೆಗಳ ಫಲವಾಗಿ ಮೂಡಿದ ಪ್ರತಿಕಾಯಗಳು, ಗುರುತಿಲ್ಲದ ಯಾವುದೋ ಮಗುವಿನ ಮೈಯಲ್ಲಿ ಕಾವಲು ನಿಲ್ಲಬಹುದು. ಆ ಮಗು ತಾನು ಲಸಿಕೆ ಪಡೆದೂ ಫಲ ಕಾಣದು. ಆದರೆ ಸುತ್ತಲಿನ ಮಕ್ಕಳೆಲ್ಲ ಲಸಿಕೆ ಪಡೆದಿದ್ದರೆ ರೋಗವೇ ಅದರ ಬಳಿಗೆ ಬರುವುದು ಅಪರೂಪವಾಗುತ್ತದೆ. ಹಾಗೆ ನೋಡಿದರೆ ನಿಮ್ಮ ಮಗುವಿಗೆ ಹಾಕಿಸುವ ಒಂದೊಂದು ಲಸಿಕೆಯೂ ನೆರೆಮನೆಯ ಮಗುವಿಗೂ ಸಲ್ಲುತ್ತದೆ.

ಆದ್ದರಿಂದ ವಾಚಕರೇ, ಮುಂದಿನ ಸಲ ಯಾರಾದರೂ ಒಬ್ಬ ಹೆಣ್ಣುಮಗಳನ್ನು ತೋರಿಸಿ ‘ಇವಳ ಗಂಡುಮಕ್ಕಳು ಉಳಿಯುವುದಿಲ್ಲ’ ಎಂದು ಪಿಸುಗುಟ್ಟಿದರೆ, ಆ ಮಾತನ್ನು ಅಲ್ಲಿಯೇ ತಡೆಯಿರಿ. ಅವಳ ಪಕ್ಕದಲ್ಲಿ ಕುಳಿತು ಮಗುವಿಗೆ ಏನೇನಾಯಿತು, ಎಷ್ಟು ಸಲವಾಯಿತು, ತವರಿನಲ್ಲಿ ಯಾರಿಗಾದರೂ ಹೀಗಾಗಿತ್ತೇ ಎಂದು ಸಾವಧಾನದಿಂದ ಕೇಳಿರಿ. ಬಳಿಕ ಅವಳೊಡನೆ ವೈದ್ಯರ ಬಳಿಗೆ ನಡೆಯಿರಿ.